ಪುಟದಿಂದ ಪಠ್ಯಕ್ಕೆ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಅಚ್ಚಿನ ದಾಖಲೆಗಳು ಮತ್ತು ಲಿಪಿ ಸಂಕೇತಗಳ ಸ್ಥಿತ್ಯಂತರ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಚರಿತ್ರೆಯನ್ನು ಅಭ್ಯಸಿಸುವವರು ಮೊದಲು ಕೈಗೆತ್ತಿಕೊಳ್ಳುವ ಗ್ರಂಥ ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂಬ ಹೆಸರಿದ್ದು, 1947ರವರೆಗೂ ಅದೇ ಉಳಿದಿತ್ತು. ಗಂಗ ಬೂತುಗನ ಅಕ್ಕ ಪಾಂಬಬ್ಬೆಯು ಮೂವತ್ತು ವರ್ಷ ತಪಸ್ಸನ್ನಾಚರಿಸಿ 971ರಲ್ಲಿ ಮುಡಿಪಿದುದನ್ನು ತಿಳಿಸುವ ಕಡೂರಿನ ಸ್ತಂಭಶಾಸನವಾಗಲಿ, ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಕವಿ ಜನ್ನನು ರಚಿಸಿದ ಶಾಸನವಾಗಲಿ ಕಲ್ಲಿನಿಂದ ಪಡಿಯಚ್ಚಿಗೂ, ಪಡಿಯಚ್ಚಿನಿಂದ ಅಚ್ಚುಮೊಳೆಗೂ ಸಾಗಿ ನಮ್ಮ ಕೈಸೇರಿವೆ. ಒಂದೊಂದು ಹಂತದಲ್ಲಿಯೂ ಓದಿ, ಒಪ್ಪವಿಟ್ಟು, ಸಂದೇಹವಿದ್ದೆಡೆ ಗುರುತು ಹಾಕಿದ ವಿದ್ವಾಂಸರಿದ್ದರು. ಇದಾದ ಮೇಲೆ ನಡೆದ ಇನ್ನೊಂದು ಸಾಗಣೆಯನ್ನು ನಮ್ಮ ಸಂಶೋಧಕರು ಅಷ್ಟಾಗಿ ಗಮನಿಸಿಲ್ಲ. ಡಿ.ಟಿ.ಪಿ. ಕಾಲದಲ್ಲಿ ಸಿದ್ಧವಾದ ಕನ್ನಡ ಪುಟಗಳು ಅಂತರಜಾಲದ ವಿನ್ಯಾಸ ಸಂಪಾದಕಗಳಿಗೆ ವರ್ಗವಾಗುತ್ತಿರುವುದೇ ಆ ಸಾಗಣೆ. ಅದರ ಸ್ವರೂಪವನ್ನು ಸ್ಥಳೀಯ ಚರಿತ್ರೆಯ ಆಕರಗಳ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಕರಗಳೆಂದರೆ ಇಲ್ಲಿ ಶಾಸನ, ಕಡತ, ಬಖೈರುಗಳಷ್ಟೇ ಅಲ್ಲ. ತಾಲ್ಲೂಕು ಕೇಂದ್ರಗಳ ಸಣ್ಣ ಮುದ್ರಣಾಲಯಗಳಲ್ಲಿ ಅಚ್ಚಾದ ಜಾತ್ರೆಯ ಕರಪತ್ರ, ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ನಾಟಕದ ಹಸ್ತಪತ್ರಿಕೆ, ವಿವಾಹ ಆಮಂತ್ರಣ ಇವೂ ಆಕರಗಳೇ. ಊರಿನ ದಾನಿಗಳು, ಕುಲದೇವತೆಗಳು, ಬೀದಿಯ ಹೆಸರುಗಳು, ಮನೆತನಗಳ ಸಂಬಂಧಗಳು ಮತ್ತೆಲ್ಲಿಯೂ ಸಿಗದಷ್ಟು ವಿವರವಾಗಿ ಇವುಗಳಲ್ಲಿ ದೊರೆಯುತ್ತವೆ. ಮೊಳೆ ಜೋಡಿಸಿ ಅಚ್ಚುಹಾಕುತ್ತಿದ್ದ ಕಾಲದಲ್ಲಿ ಕೆಲಸ ಮುಗಿದೊಡನೆ ಮೊಳೆಗಳನ್ನು ಬಿಚ್ಚಿ ಮನೆಗಳಿಗೆ ಹಂಚಿಬಿಡುತ್ತಿದ್ದರು. ಉಳಿಯುತ್ತಿದ್ದುದು ಕಾಗದ ಮಾತ್ರ. ಡಿ.ಟಿ.ಪಿ. ಬಂದ ಮೇಲೆ ಕಾಗದದೊಡನೆ ಕಡತವೂ ಉಳಿಯತೊಡಗಿತು. ಆದರೆ ಆ ಕಡತದಲ್ಲಿ ಉಳಿದಿರುವುದು ಏನು ಎಂಬುದೇ ಪ್ರಶ್ನೆ.

ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ 1985ರಲ್ಲಿ ಹೊರಬಂದಿತು. 1994ರಲ್ಲಿ ಅದು ಅಡೋಬಿ ಸಂಸ್ಥೆಯ ವಶವಾಯಿತು, 2001ರ 7.0 ಆವೃತ್ತಿಯೇ ಅದರ ಕೊನೆಯ ಆವೃತ್ತಿ. ಕನ್ನಡ ನಾಡಿನ ಮುದ್ರಣಾಲಯಗಳು ಮಾತ್ರ ಅದನ್ನು ಆಮೇಲೂ ಬಹುಕಾಲ ಬಿಡಲಿಲ್ಲ. ಇದಕ್ಕೆ ಹಟವಾಗಲಿ ಅಜ್ಞಾನವಾಗಲಿ ಕಾರಣವಲ್ಲ. ಅವರ ಕೈಯಲ್ಲಿದ್ದ ಕನ್ನಡ ಫಾಂಟುಗಳು ಸರಿಯಾಗಿ ಕೂಡುತ್ತಿದ್ದುದು ಆ ತಂತ್ರಾಂಶದಲ್ಲಿಯೇ. ಶ್ರೀಲಿಪಿ, ಪ್ರಕಾಶಕ್, ಆಕೃತಿ, 1998ರಲ್ಲಿ ಶೇಷಾದ್ರಿವಾಸು ಅವರು ಸಿದ್ಧಪಡಿಸಿದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಇವೆಲ್ಲವೂ ಒಂದೇ ಉಪಾಯವನ್ನು ಅವಲಂಬಿಸಿದ್ದವು. ಒಂದು ಫಾಂಟಿನಲ್ಲಿ ದೊರೆಯುತ್ತಿದ್ದ ಸ್ಥಾನಗಳು 256. ಬಳಕೆಗೆ ಒದಗುತ್ತಿದ್ದವು ಅದಕ್ಕಿಂತಲೂ ಕಡಿಮೆ. ಕನ್ನಡದ ಗುಣಿತ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಯುವುದಿಲ್ಲ. ಆದುದರಿಂದ ಅಕ್ಷರವನ್ನು ಒಡೆದು ಒಡಲು, ತಲೆಕಟ್ಟು, ಕೊಂಬು, ದೀರ್ಘ, ಒತ್ತು ಎಂದು ಚೂರುಗಳಾಗಿಸಿ, ಆ ಚೂರುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಇತರ ಭಾಷೆಗಳ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ದಾಖಲಾಗುವ ಚಿಹ್ನೆಗಳಲ್ಲಿ ಬ್ರಿಟಿಷ್ ಪೌಂಡಿನ ಗುರುತೂ ಒಂದು! ಅಂದರೆ ಕಡತದಲ್ಲಿದ್ದುದು ಕನ್ನಡದ ಪಠ್ಯವಲ್ಲ, ಕನ್ನಡದಂತೆ ತೋರುವ ಚಿತ್ರದ ಸೂಚನೆ. 1843ರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಅಚ್ಚಾದಾಗಲೂ ಅಕ್ಷರವು ಚಿತ್ರವೇ ಆಗಿತ್ತು, ಡಿ.ಟಿ.ಪಿ. ಯುಗವು ಒಂದು ಅರ್ಥದಲ್ಲಿ ಮೊಳೆಯಿಂದ ಮತ್ತೆ ಕಲ್ಲಚ್ಚಿಗೆ ಮರಳಿತು ಎನ್ನಬಹುದು.

ಇದನ್ನು ದೋಷವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಕಾಗದದ ಮೇಲೆ ಅಚ್ಚುಕಟ್ಟಾದ ಕನ್ನಡ ಮೂಡಬೇಕೆಂಬುದಷ್ಟೇ ಆಗಿನ ಅಗತ್ಯ. ಅದು ಸೊಗಸಾಗಿಯೇ ನೆರವೇರಿತು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತಾದರೂ, ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಫಾಂಟು ಬಂದದ್ದು 2001ರಲ್ಲಿ. ಅಡೋಬಿಯ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ನೆಲೆ ದೊರೆತದ್ದು 2012ರ ಆವೃತ್ತಿಯಲ್ಲಿ. ಕರ್ನಾಟಕ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿದ್ದೂ 2012ರಲ್ಲಿಯೇ. ಹೀಗಾಗಿ ಹಳೆಯ ಸಂಕೇತಗಳಲ್ಲಿ ಕನ್ನಡದ ಪುಟಗಳು ವರ್ಷಗಟ್ಟಲೆ ರಾಶಿಬಿದ್ದವು.

ಇಷ್ಟರಲ್ಲಿ ಕ್ಯಾನ್ವಾ, ಲೂಸಿಡ್‌ಪ್ರೆಸ್‌ನಂತಹ ಅಂತರಜಾಲದ ಸಂಪಾದಕಗಳು 2013ರಿಂದ ಬಳಕೆಗೆ ಬಂದವು; ಲೂಸಿಡ್‌ಪ್ರೆಸ್ 2022ರಲ್ಲಿ ಮಾರ್ಕ್ ಎಂಬ ಹೆಸರು ತಳೆಯಿತು. ಸಿದ್ಧವಿನ್ಯಾಸವೊಂದನ್ನು ತೆರೆದು ಹೆಸರು, ದಿನಾಂಕ ಬದಲಿಸಿದರೆ ಆಮಂತ್ರಣ ತಯಾರು. ಹಳೆಯ ಪುಟವನ್ನೇ ಅಲ್ಲಿಗೆ ಒಯ್ಯಬೇಕೆಂದರೆ ದಾರಿ ಸ್ವಲ್ಪ ಸುತ್ತು. ಪೇಜ್‌ಮೇಕರ್ ಕಡತವನ್ನು ಇಂತಹ ಸಂಪಾದಕಗಳು ನೇರವಾಗಿ ಓದಲಾರವು. ಇನ್‌ಡಿಸೈನ್‌ನ ಹಳೆಯ ಆವೃತ್ತಿಗಳು ಪೇಜ್‌ಮೇಕರ್ 6.0 ಮತ್ತು ಅನಂತರದ ಕಡತಗಳನ್ನು ತೆರೆಯುತ್ತಿದ್ದವು, ಅಲ್ಲಿಂದ ಐ.ಡಿ.ಎಂ.ಎಲ್. ಎಂಬ ವಿನಿಮಯ ರೂಪಕ್ಕಾಗಲಿ ಪಿ.ಡಿ.ಎಫ್.ಗಾಗಲಿ ಪರಿವರ್ತಿಸಿ, ಅದನ್ನು ಸಂಪಾದಕಕ್ಕೆ ಏರಿಸಬೇಕು. ಚೌಕಟ್ಟು, ಗೆರೆ, ಚಿತ್ರಗಳು ಬಹುಮಟ್ಟಿಗೆ ಯಥಾಸ್ಥಾನದಲ್ಲಿಯೇ ಇಳಿಯುತ್ತವೆ. ಕನ್ನಡ ಮಾತ್ರ ಇಳಿಯುವುದಿಲ್ಲ. ಹಳೆಯ ಫಾಂಟು ಸಂಪಾದಕದಲ್ಲಿ ಇಲ್ಲದ ಕಾರಣ ಅದರ ಜಾಗಕ್ಕೆ ಬೇರೊಂದು ಬಂದು, ಒಳಗೆ ಅಡಗಿದ್ದ ಲ್ಯಾಟಿನ್ ಚಿಹ್ನೆಗಳ ಗೋಜಲು ಬಯಲಿಗೆ ಬೀಳುತ್ತದೆ. ಹಳೆಯ ಫಾಂಟನ್ನೇ ಏರಿಸಿದರೆ ಕಣ್ಣಿಗೆ ಕನ್ನಡ ಕಂಡೀತು. ಆದರೆ ಹುಡುಕಿದರೆ ಒಂದು ಪದವೂ ಸಿಗದು.

ಉಳಿದಿರುವ ಮಾರ್ಗವೆಂದರೆ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವುದು. ಅರವಿಂದ ವಿ.ಕೆ. ಅವರು ಸಿದ್ಧಪಡಿಸಿದ ಮುಕ್ತ ಪರಿವರ್ತಕವೂ ಸೇರಿದಂತೆ ಇದಕ್ಕೆ ಉಪಕರಣಗಳಿವೆ. ಪಾಠಪರಿಷ್ಕರಣದ ದೃಷ್ಟಿಯಿಂದ ಅತ್ಯಂತ ಕುತೂಹಲಕರವಾದ ಘಟ್ಟವೂ ಇದೇ. ಹಳೆಯ ಫಾಂಟುಗಳು ಕಣ್ಣಿನ ಕ್ರಮವನ್ನು ಅನುಸರಿಸಿದರೆ ಯೂನಿಕೋಡು ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಅಜ್ಜಂಪುರ ಸೀಮೆಯ ಅಂತರಘಟ್ಟೆ ದೇವಿಯ ಹೆಸರನ್ನೇ ನೋಡಬಹುದು. ‘ದುರ್ಗಾಂಬಾ’ ಎಂಬಲ್ಲಿ ನಾಲಗೆಯು ರೇಫವನ್ನು ಮೊದಲು ನುಡಿಯುತ್ತದೆ. ಬರವಣಿಗೆಯಲ್ಲಿ ಅರ್ಕಾವೊತ್ತು ‘ಗಾ’ದ ಬಲಕ್ಕೆ ಬರುತ್ತದೆ. ಹಳೆಯ ಕಡತದಲ್ಲಿ ‘ದು’, ‘ಗಾ’, ಬಳಿಕ ಅರ್ಕಾವೊತ್ತು ಎಂಬ ಸರಣಿಯಿದೆ. ಪರಿವರ್ತಕವು ಅರ್ಕಾವೊತ್ತನ್ನು ಇಡಿಯ ಗುಣಿತಾಕ್ಷರದ ಹಿಂದಕ್ಕೆ ಒಯ್ಯದಿದ್ದರೆ ‘ದುಗರ್ಾಂಬಾ’ ಎಂಬ ವಿಕೃತ ರೂಪ ಹುಟ್ಟುತ್ತದೆ. ‘ಕನರ್ಾಟಕ’ ಎಂಬ ಪಾಠವನ್ನು ಅಂತರಜಾಲದಲ್ಲಿ ಕಾಣದ ಓದುಗರು ವಿರಳ. ಅದರ ಮೂಲವೂ ಇದೇ. ‘ಅಕ್ಕೆ’, ‘ಇಲ್ಲಿ’ ಮುಂತಾದ ಪದಗಳಲ್ಲಿ ಸ್ವರಚಿಹ್ನೆಯು ಒತ್ತಿಗಿಂತ ಮುಂಚೆ ದಾಖಲಾಗಿರುವುದರಿಂದ ಅಲ್ಲಿಯೂ ಸ್ಥಾನಪಲ್ಲಟ ಮಾಡಬೇಕಾಗುತ್ತದೆ. ತಾಳೆಗರಿಯ ಲಿಪಿಕಾರನ ಸ್ಖಾಲಿತ್ಯಗಳಿಗೂ ಇವುಗಳಿಗೂ ಒಂದು ವ್ಯತ್ಯಾಸವುಂಟು. ಲಿಪಿಕಾರನು ಎಲ್ಲಿ ತಪ್ಪುತ್ತಾನೆಂದು ಹೇಳಲಾಗದು. ಯಂತ್ರವು ತಪ್ಪಿದೆಡೆಯಲ್ಲೆಲ್ಲ ಒಂದೇ ರೀತಿಯಲ್ಲಿ ತಪ್ಪುತ್ತದೆ. ಆದುದರಿಂದ ಯಾವ ಫಾಂಟಿನಿಂದ ಪಾಠವು ಬಂದಿತೆಂದು ಗೊತ್ತಾದರೆ ಮೂಲಪಾಠವನ್ನು ಬಹಳಷ್ಟು ಖಚಿತವಾಗಿ ಪುನರ್ರಚಿಸಬಹುದು. ಫಾಂಟಿನ ಹೆಸರನ್ನು ದಾಖಲಿಸದೆ ಪರಿವರ್ತಿತ ಪಾಠವನ್ನಷ್ಟೇ ಉಳಿಸಿದರೆ ಈ ಅನುಕೂಲ ಕೈತಪ್ಪುತ್ತದೆ.

ಪುಟದ ವಿಷಯವೂ ಹಗುರವಾದುದಲ್ಲ. ಫಾಂಟು ಬದಲಾದೊಡನೆ ಅಕ್ಷರದ ಅಗಲ ಬದಲಾಗಿ, ಸಾಲು ಮುರಿಯುವ ಜಾಗ, ಪುಟ ಮುಗಿಯುವ ಜಾಗ ಎಲ್ಲವೂ ಸರಿಯುತ್ತವೆ. ಸ್ಮರಣ ಸಂಚಿಕೆಯೊಂದರ 43ನೆಯ ಪುಟವೆಂದು ಪ್ರಬಂಧದಲ್ಲಿ ಉಲ್ಲೇಖಿಸಿದ ವಾಕ್ಯವು ಹೊಸ ರೂಪದಲ್ಲಿ 45ಕ್ಕೆ ಹೋಗಿರಬಹುದು.

ಇದಕ್ಕಿಂತ ಗಂಭೀರವಾದ ನಷ್ಟವೊಂದಿದೆ. ಅದು ತಾಂತ್ರಿಕ ದೋಷದಿಂದಲ್ಲ, ಸಿದ್ಧವಿನ್ಯಾಸದ ಸ್ವಭಾವದಿಂದಲೇ ಬರುವಂತಹುದು. ಅಜ್ಜಂಪುರವು ಬಹುಕಾಲ ತರೀಕೆರೆ ತಾಲ್ಲೂಕಿನಲ್ಲಿದ್ದು ಈಚೆಗೆ ತಾನೇ ತಾಲ್ಲೂಕು ಕೇಂದ್ರವಾಯಿತು. ಹಿಂದಿನ ಜಾತ್ರೆಯ ಕರಪತ್ರವನ್ನು ತೆರೆದು, ‘ತರೀಕೆರೆ ತಾಲ್ಲೂಕು’ ಎಂದಿದ್ದುದನ್ನು ಅಳಿಸಿ, ದಾನಿಗಳ ಹೆಸರನ್ನು ಬದಲಿಸಿ ಅದೇ ಕಡತದಲ್ಲಿ ಉಳಿಸಿದರೆ ಹಿಂದಿನ ವರ್ಷದ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ವಿನ್ಯಾಸಕಾರನಿಗೆ ಅದು ಅಚ್ಚು, ಸಂಶೋಧಕನಿಗೆ ಅದು ದಾಖಲೆ. ಪ್ರಾಚೀನರು ಹಳೆಯ ಶಾಸನವನ್ನು ಕೆತ್ತಿಹಾಕಿ ಅದೇ ಕಲ್ಲಿನಲ್ಲಿ ಹೊಸದನ್ನು ಬರೆಯಿಸಿದಾಗ ಕೆಳಗಿನ ಅಕ್ಷರಗಳ ಜಾಡಾದರೂ ಉಳಿಯುವುದುಂಟು. ಇಲ್ಲಿ ಅದೂ ಇಲ್ಲ. ಗ್ರಂಥಾಲಯಗಳು ಇಂತಹ ಸಾಮಗ್ರಿಯನ್ನು ಸಂಗ್ರಹಿಸುವಾಗ ಅಚ್ಚಾದ ಪ್ರತಿ, ಮೂಲ ಕಡತ, ಅದರ ಫಾಂಟು, ಪರಿವರ್ತಿತ ಪಾಠ ಈ ನಾಲ್ಕನ್ನೂ ಒಟ್ಟಿಗೆ ಇಡುವುದು ಯುಕ್ತವೆಂದು ಈ ಲೇಖಕನ ಅಭಿಪ್ರಾಯ. ಒಂದನ್ನು ಮಾತ್ರ ಇಡಲು ಸಾಧ್ಯವೆಂದಾದರೆ ಕಾಗದವನ್ನೇ ಇಡಬೇಕು.

ಶಾಸನಪಾಠಗಳ ವಿಷಯದಲ್ಲಿ ಮತ್ತೊಂದು ತೊಡಕನ್ನು ಹೇಳಬೇಕು. ಪಾಂಬಬ್ಬೆಯ ಕಾಲದ ಶಾಸನಭಾಷೆಯಲ್ಲಿ ಱ, ೞ ಎರಡೂ ಸಾಮಾನ್ಯ. ಡಿ.ಟಿ.ಪಿ. ಫಾಂಟುಗಳೆಲ್ಲವೂ ಇವಕ್ಕೆ ಸ್ಥಾನ ನೀಡಿರಲಿಲ್ಲ. ಇಲ್ಲದೆಡೆ ರ, ಳಗಳನ್ನೇ ಹಾಕಬೇಕಾಗುತ್ತಿತ್ತು. ಹೀಗೆ ಒಮ್ಮೆ ಲೋಪವಾದುದನ್ನು ಯಾವ ಪರಿವರ್ತಕವೂ ಮರಳಿಸಲಾರದು. ರೈಸ್ ಅವರ ಸಂಪುಟವನ್ನೋ ಕಲ್ಲನ್ನೋ ಮತ್ತೆ ನೋಡಬೇಕು. ಯೂನಿಕೋಡಿನಲ್ಲಿ ಈ ಎರಡಕ್ಕೂ ಸ್ಥಾನವಿದೆ. ಆದರೆ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬ ಅರ್ಥ ಬರುವ ಹೆಸರು ಸೇರಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಅಲ್ಲಿರುವುದರಿಂದ, ಆ ಹೆಸರನ್ನು ಹಾಗೆಯೇ ಬಿಟ್ಟು, ಸರಿಯಾದ ಹೆಸರನ್ನು ಪರ್ಯಾಯವೆಂದು ಪಕ್ಕದಲ್ಲಿ ದಾಖಲಿಸಿದ್ದಾರೆ.