ಬೈಲಕುಪ್ಪೆಯ ವಯಸ್ಸೆಷ್ಟು?

ಕೊಡಗಿನ ತಿತಿಮತಿ ಕಡೆಯ ಮನೆಗಳಿಗೆ ಬೆಂಗಳೂರಿನಿಂದಲೋ ಅಮೆರಿಕದಿಂದಲೋ ನೆಂಟರು ಬಂದರೆ ಎರಡು ದಿನ ಕಳೆಯುವುದರೊಳಗೆ ಬೈಲಕುಪ್ಪೆಯ ‘ಗೋಲ್ಡನ್ ಟೆಂಪಲ್’ ಮಾತು ಬಂದೇ ಬರುತ್ತದೆ. ಜೀಪು ಹೊರಡುತ್ತದೆ. ಚಿನ್ನದ ಬುದ್ಧನ ಎದುರು ಫೋಟೊ, ಹೊರಗೆ ಬಂದು ಒಂದು ಪ್ಲೇಟು ಮೊಮೊ, ಕತ್ತಲಾಗುವ ಮೊದಲು ಆನೆ ದಾಟುವ ರಸ್ತೆ ಕಳೆದು ಮನೆ. ಅರ್ಧ ದಿನ ಬಿಡುವು ಮಾಡಿಕೊಂಡು ಕಾಲ್ನಡಿಗೆಯಲ್ಲಿ ಸುತ್ತಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ: ಇಲ್ಲಿ ಗೋಡೆಗಳ ವಯಸ್ಸು ಬೇರೆ, ಹೆಸರುಗಳ ವಯಸ್ಸು ಬೇರೆ.

ಪರದೇಶದಲ್ಲಿ ನೆಲೆಸಿದ ಕನ್ನಡಿಗರು ತಮಗೆ ಜಾಗ ಕೊಟ್ಟ ಊರಿನ ಹಳೆಯ ಕತೆ ಹುಡುಕಿ ಸಂಘದ ಪತ್ರಿಕೆಗೆ ಬರೆಯುವುದುಂಟು. ಬೈಲಕುಪ್ಪೆಯ ಕತೆ ತಿರುವುಮುರುವು. ಇಲ್ಲಿ ಜಾಗ ಕೊಟ್ಟವರು ಕನ್ನಡಿಗರು, ಬಂದು ನೆಲೆಸಿದವರು ಟಿಬೆಟಿನವರು. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಮಂದಿ ಹಿಮಾಲಯ ದಾಟಿದರು. ಅವರಲ್ಲಿ ಒಂದು ಪಾಲು ಜನರಿಗೆ ಅಂದಿನ ಮೈಸೂರು ರಾಜ್ಯ ಸರಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಬಿಟ್ಟುಕೊಟ್ಟಿತು. 1960–61ರಲ್ಲಿ ಲುಗ್ಸುಂ ಸಂಡುಪ್ಲಿಂಗ್ ಎಂಬ ಮೊದಲ ವಸತಿ ಎದ್ದಿತು. 1969ರಲ್ಲಿ ಡಿಕ್ಯಿ ಲಾರ್ಸೊ ಎಂಬ ಎರಡನೆಯದು. ಸುತ್ತಲ ಹಳ್ಳಿಗಳವರು ಈ ಹೆಸರುಗಳ ಗೊಡವೆಗೆ ಹೋಗಲಿಲ್ಲ. ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್ ಎಂದೇ ಇಂದಿಗೂ ರೂಢಿ.

‘ಗೋಲ್ಡನ್ ಟೆಂಪಲ್’ ಎಂದು ಜನ ಕರೆಯುವ ನಾಮ್‌ಡ್ರೋಲಿಂಗ್ ಮಠ ಇರುವುದು ಇಲ್ಲಿಯ ಅರ್ಲಿಕುಮರಿಯಲ್ಲಿ. ಕುಮರಿ ಎಂದರೆ ಕಾಡು ಕಡಿದು, ಸುಟ್ಟು, ಬಿತ್ತುವ ಬೇಸಾಯ. ಬಂದವರು ಮಾಡಿದ್ದೂ ಮೊದಮೊದಲು ಅದನ್ನೇ. ಹಿಮದ ನಾಡಿನ ಮೈಗಳಿಗೆ ಇಲ್ಲಿಯ ಸೆಕೆ ತಡೆಯಲಾಗುತ್ತಿರಲಿಲ್ಲ, ರಾತ್ರಿ ಆನೆಗಳು ನುಗ್ಗುತ್ತಿದ್ದವು. ಆನೆಯ ಮಾತನ್ನು ತಿತಿಮತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಸುಕಿನ ಜೋಳ ಅವರ ಕೈಹಿಡಿಯಿತು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಆಮೇಲೆ ಜೊತೆಗೂಡಿದ ಕಸುಬು.

ಮಠ ಕಟ್ಟಿದ ಪೆನೊರ್ ರಿನ್‌ಪೋಚೆ (1932–2009) ಅವರ ಜೊತೆ ಟಿಬೆಟ್ ಬಿಟ್ಟವರು ಸುಮಾರು 300 ಮಂದಿ, ಭಾರತ ಮುಟ್ಟಿದವರು ಸುಮಾರು 30 ಎಂದು ಮಠದ ಚರಿತ್ರೆ ಹೇಳುತ್ತದೆ. 1963ರಲ್ಲಿ ಅವರು ಇಲ್ಲಿ ಎಬ್ಬಿಸಿದ ಮೊದಲ ಗುಡಿ ಬಿದಿರಿನದು, ವಿಸ್ತೀರ್ಣ ಸುಮಾರು 80 ಚದರಡಿ. ನಮ್ಮ ಕಡೆಯ ಕಾಫಿ ಕಣದ ಮೂಲೆಯ ಗುಡಿಸಲೂ ಅದಕ್ಕಿಂತ ದೊಡ್ಡದಿದ್ದೀತು. ಇವತ್ತು ಜನ ಕತ್ತೆತ್ತಿ ನೋಡುವ ದೊಡ್ಡ ದೇಗುಲವನ್ನು ದಲೈ ಲಾಮಾ ಉದ್ಘಾಟಿಸಿದ್ದು 1999ರಲ್ಲಿ. ನಡುವೆ 60 ಅಡಿಯ ಶಾಕ್ಯಮುನಿ, ಅಕ್ಕಪಕ್ಕದಲ್ಲಿ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯುಸ್. ಮೂರೂ ತಾಮ್ರದವು, ಮೇಲೆ ಚಿನ್ನದ ಲೇಪ. ಒಳಗೆ ಧರ್ಮಗ್ರಂಥಗಳನ್ನೂ ಮಣ್ಣಿನ ಪುಟ್ಟ ಸ್ತೂಪಗಳನ್ನೂ ತುಂಬಿಸಿಟ್ಟಿದ್ದಾರೆ. ಗೋಡೆಗೆ ಮೂವತ್ತು ವರ್ಷವೂ ತುಂಬಿಲ್ಲ ಎಂದುಕೊಂಡು ಹೊರಬರುವವರು ಒಂದು ಮಾತು ತಿಳಿದಿರಬೇಕು: ಈ ಮಠ ಸೇರಿರುವ ಪಲ್ಯುಲ್ ಪರಂಪರೆಯ ಮೂಲ ಮಠ ಟಿಬೆಟಿನಲ್ಲಿ ಹುಟ್ಟಿದ್ದು 1665ರಲ್ಲಿ.

ಕೆಲವು ಕಿಲೋಮೀಟರ್ ಆಚೆಯ ಸೆರಾ ಮಠ ಇನ್ನೂ ಹಿರಿಯದು. ಲ್ಹಾಸಾದ ಬಳಿ ಅದು ಸ್ಥಾಪನೆಯಾದದ್ದು 1419ರಲ್ಲಿ, ವಿಜಯನಗರದಲ್ಲಿ ದೇವರಾಯರು ಆಳುತ್ತಿದ್ದಾಗ. ಓಡಿಬಂದ ಭಿಕ್ಷುಗಳನ್ನು ಮೊದಲು ಇರಿಸಿದ್ದು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಸೆರೆಮನೆಯಲ್ಲಿ. 1970ರಲ್ಲಿ ಅವರು ಬೈಲಕುಪ್ಪೆಗೆ ಬಂದರು. ಇಲ್ಲಿ ನೋಡಬೇಕಾದದ್ದು ಕಟ್ಟಡವಲ್ಲ, ಅಂಗಳದ ವಾದ. ಉತ್ತರ ಹೇಳುವವನು ಕೂತಿರುತ್ತಾನೆ. ಪ್ರಶ್ನೆ ಹಾಕುವವನು ನಿಂತು, ಒಂದು ಕಾಲು ಮುಂದೆ ಅಪ್ಪಳಿಸಿ, ಫಟ್ಟೆಂದು ಕೈ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಹೊಸಬರಿಗೆ ಜಗಳ ಹತ್ತಿಕೊಂಡಂತೆ ಕಾಣಿಸುತ್ತದೆ. ಅದು ತರ್ಕಶಾಸ್ತ್ರದ ಪಾಠ.

ತಶಿ ಲುನ್‌ಪೊ ಮಠದ್ದೂ ಅದೇ ಬಗೆ. ಹೆಸರು 1447ರದು, ಇಲ್ಲಿಯ ನೆಲೆ 1972ರದು.

ಜಪಾನಿನ ನಾರಾ ನಗರದ ಗುಡಿಗಳನ್ನು ನಡೆದು ನೋಡಿದವರಿಗೆ ಗೋಡೆಯ ವಯಸ್ಸು, ಹೆಸರಿನ ವಯಸ್ಸುಗಳ ಈ ವ್ಯತ್ಯಾಸ ಚೆನ್ನಾಗಿ ಹೊಳೆದೀತು. ಅಲ್ಲಿಯ ತೋದಾಯ್‌ಜಿ ದೇಗುಲ 1180ರಲ್ಲಿ ಸುಟ್ಟಿತು, 1567ರಲ್ಲಿ ಮತ್ತೆ ಸುಟ್ಟಿತು. ಪ್ರತಿ ಸಲವೂ ಅದೇ ಜಾಗದಲ್ಲಿ ಎದ್ದಿತು. ಸೆರಾ ಎದ್ದದ್ದು ಬೇರೆಯೇ ನೆಲದಲ್ಲಿ.

ಟಿಬೆಟಿನವರೊಂದಿಗೆ ಬೌದ್ಧ ಧರ್ಮ ಕರ್ನಾಟಕಕ್ಕೆ ಬಂತು ಎಂದು ಕೆಲವರು ಹೇಳುವುದಿದೆ. ಅದು ತಪ್ಪು. ಬ್ರಹ್ಮಗಿರಿ, ಮಸ್ಕಿಗಳಲ್ಲಿ ಅಶೋಕನ ಶಾಸನಗಳಿವೆ, ಸನ್ನತಿಯಲ್ಲಿ ಸ್ತೂಪವಿತ್ತು. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಬೋಧಿಸತ್ವ ಲೋಕೇಶ್ವರನ ಕಂಚಿನ ವಿಗ್ರಹ ಈಗಲೂ ಇದೆ. ಅದೇ ಲೋಕೇಶ್ವರನ ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಇಂದು ಬೈಲಕುಪ್ಪೆಯ ಪ್ರಾರ್ಥನಾ ಚಕ್ರಗಳಲ್ಲಿ ತಿರುಗುತ್ತಿದೆ.

ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು, ಬಲಕ್ಕೆ ಸುತ್ತಬೇಕು, ಭಿಕ್ಷುಗಳ ಫೋಟೊ ಕೇಳಿಯೇ ತೆಗೆಯಬೇಕು. ವಿದೇಶಿ ಪಾಸ್‌ಪೋರ್ಟಿನ ನೆಂಟರು ಕ್ಯಾಂಪಿನಲ್ಲಿ ರಾತ್ರಿ ತಂಗಬೇಕೆಂದರೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಅದಕ್ಕೆ ಬಹಳ ಮೊದಲೇ ಅರ್ಜಿ ಹಾಕಿಕೊಳ್ಳಲಿ.