ಕಿಲ್ಲಾರಿಯಿಂದ ಗಡಿಕೇಶ್ವಾರದವರೆಗೆ: ಭೂಕಂಪದ ನಂತರದ ಬದುಕಿನ ಅಧ್ಯಯನ

ಭೂಕಂಪಕ್ಕೆ ಸಿಕ್ಕ ಊರುಗಳ ಬಗ್ಗೆ ಈಚೆಗೆ ಬರುವ ಬರಹಗಳು ಬಹುಪಾಲು ಒಂದೇ ಜಾಡು ಹಿಡಿಯುತ್ತವೆ. ಗುಜರಾತಿನ ಭುಜ್ ನೋಡಿ, ಕೆಲವೇ ವರ್ಷಗಳಲ್ಲಿ ಹೇಗೆ ಎದ್ದು ನಿಂತಿತು, ರಸ್ತೆಗಳು ಅಗಲವಾದವು, ಕಾರ್ಖಾನೆಗಳು ಬಂದವು ಎಂಬ ಜಾಡು. ಅದು ಸುಳ್ಳಲ್ಲ. ಆದರೆ ಬಾಡಿಗೆಗಿದ್ದವರು ಏನಾದರು, ಕೂಲಿ ಮಾಡುವವಳ ಪಾಲಿಗೆ ಎಷ್ಟು ಜಾಗ ಬಂತು, ಒಂದೇ ಓಣಿಯವರು ಎಲ್ಲೆಲ್ಲಿ ಚದುರಿದರು ಎಂದು ಕೇಳದೆ ಬರೆದ ಚೇತರಿಕೆಯ ಕಥೆ ಅರ್ಧ ಮಾತ್ರ. ಉಳಿದರ್ಧವನ್ನು ಹುಡುಕಿದ ಅಧ್ಯಯನ ಪರಂಪರೆಯೊಂದಿದೆ. ಅದರ ದೊಡ್ಡ ಪಾಠವೊಂದು ಸಿಕ್ಕಿದ್ದು ನಮ್ಮ ಗಡಿಯ ಪಕ್ಕದಲ್ಲೇ.

ಆರಂಭವನ್ನು ಸಾಮಾನ್ಯವಾಗಿ 1920ಕ್ಕೆ ಗುರುತಿಸುತ್ತಾರೆ. ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ಸ್ಫೋಟದ ಬಗ್ಗೆ ಸ್ಯಾಮ್ಯುಯೆಲ್ ಪ್ರಿನ್ಸ್ ಬರೆದ ಪ್ರಬಂಧ ಪ್ರಕಟವಾದ ವರ್ಷ ಅದು. 1963ರಲ್ಲಿ ಅಮೆರಿಕದ ಒಹಾಯೊದಲ್ಲಿ ಕ್ವಾರಂಟೆಲ್ಲಿ ಮತ್ತು ಸಂಗಡಿಗರು ವಿಪತ್ತು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಅವಶೇಷದಡಿ ಸಿಕ್ಕವರನ್ನು ಮೊದಲು ಎತ್ತುವವರು ಅಕ್ಕಪಕ್ಕದ ಮನೆಯವರೇ, ಜನ ಬುದ್ಧಿಗೆಟ್ಟು ಲೂಟಿಗಿಳಿಯುತ್ತಾರೆ ಎಂಬುದು ಬಹುಮಟ್ಟಿಗೆ ಕಟ್ಟುಕಥೆ ಎಂದು ಈ ಪಂಥ ತೋರಿಸಿಕೊಟ್ಟಿತು. 1978ರಲ್ಲಿ ಇಯಾನ್ ಡೇವಿಸ್, ಹೊರಗಿನಿಂದ ತಂದಿಳಿಸುವ ಸಿದ್ಧ ಮನೆಗಿಂತ ಸಂತ್ರಸ್ತರೇ ಕಟ್ಟಿಕೊಳ್ಳುವ ಸೂರು ಮೇಲು ಎಂದು ವಾದಿಸಿದರು. ನಮ್ಮಲ್ಲಿ 1967ರ ಕೊಯ್ನಾ ಭೂಕಂಪ ಜಲಾಶಯದ ಬಗ್ಗೆ ಸಾಕಷ್ಟು ಬರೆಸಿತು, ಮನೆ ಕಳೆದುಕೊಂಡವರ ಬಗ್ಗೆ ತೀರಾ ಕಡಿಮೆ.

ನಮ್ಮ ತಲೆಮಾರು ಈ ಕ್ಷೇತ್ರಕ್ಕೆ ಬಂದದ್ದು ಕಿಲ್ಲಾರಿಯ ಮೂಲಕ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿ ವಿಸರ್ಜನೆ ಮುಗಿಸಿ ಊರಿಗೆ ಊರೇ ಮಲಗಿದ್ದ ಹೊತ್ತು. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಕಂಪಕ್ಕೆ ಸುಮಾರು 8,000 ಜನ ಸತ್ತರು. ಆಗಿನ ನಕ್ಷೆಯ ಪ್ರಕಾರ ಅದು ಭೂಕಂಪದ ಭಯ ಅತಿ ಕಡಿಮೆ ಇದ್ದ ಪ್ರದೇಶ.

ಆ ಮನೆಗಳ ಗೋಡೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎರಡರಿಂದ ಮೂರು ಅಡಿ ದಪ್ಪ. ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಜಲ್ಲಿಕಲ್ಲು ಮತ್ತು ಮಣ್ಣು. ಎರಡು ಸಾಲುಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಹೆಚ್ಚಿನ ಕಡೆ ಇರಲಿಲ್ಲ. ಮೇಲೆ ಮಣ್ಣಿನ ಮಾಳಿಗೆ. ಸೋರಿದಾಗಲೆಲ್ಲ ಇನ್ನಷ್ಟು ಮಣ್ಣು ಹಾಕಿ ಭಾರ ಏರಿತ್ತು. ನೆಲ ನಡುಗಿದಾಗ ಎರಡೂ ಸಾಲು ಬೇರೆಬೇರೆಯಾಗಿ ಕಳಚಿ ಬಿದ್ದವು. ಎಷ್ಟೋ ಮನೆಗಳಲ್ಲಿ ಒಳಗಿನ ಮರದ ಕಂಬ, ತೊಲೆಗಳು ಮಾತ್ರ ನಿಂತೇ ಇದ್ದವು. ಜನ ಅದನ್ನು ಕಂಡರೂ ಮನಸ್ಸಿನಲ್ಲಿ ಉಳಿದದ್ದು ಕಲ್ಲು ಕೊಂದಿತು ಎಂಬ ಭಯ. ಸರ್ಕಾರವೂ ಗುತ್ತಿಗೆದಾರರೂ ಆ ಭಯದ ಜೊತೆಗೇ ನಡೆದರು.

ವಿಶ್ವಬ್ಯಾಂಕ್ ಸಾಲದಿಂದ ನಡೆದ ಪುನರ್ವಸತಿ ಯೋಜನೆಯಲ್ಲಿ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಒಯ್ದರು. ಮನೆಯ ಅಳತೆ ಜಮೀನಿನ ಮೇಲೆ ನಿಂತಿತು: ಭೂಮಿಯಿಲ್ಲದವರಿಗೆ, ತುಂಡು ಭೂಮಿಯವರಿಗೆ 250 ಚದರ ಅಡಿ, ನಡುವಿನವರಿಗೆ 400, ದೊಡ್ಡ ಹಿಡುವಳಿದಾರರಿಗೆ 750. ಹಳೆಯ ಊರಿನ ಅಂತಸ್ತನ್ನು ಹೊಸ ನಕ್ಷೆಯಲ್ಲಿ ಸರ್ಕಾರವೇ ಬರೆದಿಟ್ಟಂತಾಯಿತು. ನಗರದ ಬಡಾವಣೆಯಂತೆ ನೇರ ರಸ್ತೆಗಳು. ದನ ಕಟ್ಟಲು, ಕಾಳು ಇಡಲು ತಾವಿಲ್ಲ, ಹೊಲ ದೂರ. ರೋಹಿತ್ ಜಿಗ್ಯಾಸು ಅವರಂಥವರು ಮುಂದೆ ಇದನ್ನೆಲ್ಲ ಕೂಲಂಕಷವಾಗಿ ದಾಖಲಿಸಿದರು.

ಆದರೆ ಕಿಲ್ಲಾರಿ ಎಂದರೆ ಈ 52 ಹಳ್ಳಿಗಳಷ್ಟೇ ಎಂದುಕೊಂಡಿರುವುದು ದೊಡ್ಡ ತಪ್ಪು. ಬಿರುಕು ಬಿಟ್ಟೂ ನಿಂತಿದ್ದ ಮನೆಗಳು ಲಕ್ಷವನ್ನು ಮೀರಿದ್ದವು. ಅವುಗಳನ್ನು ಇದ್ದಲ್ಲೇ ದುರಸ್ತಿ ಮಾಡಿ ಬಲಪಡಿಸುವ ಭಾಗವೇ ನನ್ನ ದೃಷ್ಟಿಯಲ್ಲಿ ಆ ಯೋಜನೆಯ ನಿಜವಾದ ಸಾಧನೆ. ಪ್ರೇಮಾ ಗೋಪಾಲನ್ ಕಟ್ಟಿದ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಸಂವಾದ ಸಹಾಯಕಿಯರನ್ನಾಗಿ ನಿಲ್ಲಿಸಿತು. ಹಣದ ಕಂತು ಬಂತೇ, ಗೋಡೆಯ ನಡುವೆ ಕಲ್ಲು ತೆಗೆದು ಕಾಂಕ್ರೀಟ್ ಬೆಸುಗೆ ತುಂಬಿದರೇ, ಮಾಳಿಗೆಯ ಮಣ್ಣು ಇಳಿಸಿದರೇ ಎಂದು ಕೇಳುವವರು ಅವರು. ಮನೆಯೊಳಗಿಂದಷ್ಟೇ ಮಾತಾಡಿ ಗೊತ್ತಿದ್ದವರು ಎಂಜಿನಿಯರ್ ಎದುರು ನಿಂತು ಲೆಕ್ಕ ಕೇಳಿದರು. ಭುಜ್ ಭೂಕಂಪದ ನಂತರ ಇದೇ ಮಹಿಳೆಯರು ಕಛ್‌ಗೆ ಹೋಗಿ ಅಲ್ಲಿನ ಹೆಂಗಸರ ಜೊತೆ ಕೂತು ತಮ್ಮ ಅನುಭವ ಹೇಳಿದರು. ಯಾವ ಕೈಪಿಡಿಯೂ ಮಾಡಲಾಗದ ಕೆಲಸ ಅದು.

2001ರ ಜನವರಿ 26ರ ಆ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನ ಕಾಂಕ್ರೀಟ್ ಮಹಡಿಗಳು ಕುಸಿದರೆ, ಕಛ್‌ನ ದುಂಡನೆಯ ಭುಂಗಾ ಗುಡಿಸಲುಗಳು ಬಹುಪಾಲು ತಾಳಿಕೊಂಡವು. ದೋಷ ಕಲ್ಲಿನದೂ ಅಲ್ಲ, ಮಣ್ಣಿನದೂ ಅಲ್ಲ, ಕಟ್ಟಿದ ರೀತಿಯದು. ಸ್ಥಳಾಂತರ ಬೇಡವೆಂದು ಅಲ್ಲಿನ ಹೆಚ್ಚಿನ ಹಳ್ಳಿಗಳು ಪಟ್ಟು ಹಿಡಿದವು. ಮನೆಯವರೇ ಕಟ್ಟಿಕೊಳ್ಳಲಿ, ಸರ್ಕಾರ ಕಂತುಗಳಲ್ಲಿ ಹಣ ಕೊಟ್ಟು ಗುಣಮಟ್ಟ ನೋಡಲಿ ಎಂಬ ಪದ್ಧತಿ ನೆಲೆಯಾದದ್ದು ಹೀಗೆ. ಜೆನಿಫರ್ ಡ್ಯುಯ್ನ್ ಬಾರೆನ್‌ಸ್ಟೈನ್ ಗುತ್ತಿಗೆದಾರರು ಕಟ್ಟಿದ ಊರುಗಳ ಜೊತೆ ಮನೆಯವರೇ ಕಟ್ಟಿಕೊಂಡ ಊರುಗಳನ್ನು ಹೋಲಿಸಿದಾಗ ಜನರ ಒಲವು ಎತ್ತ ಎಂಬುದು ಸ್ಪಷ್ಟವಾಯಿತು. 2015ರ ಭೂಕಂಪದ ನಂತರ ನೇಪಾಳವೂ ಇದೇ ದಾರಿಯಲ್ಲಿ ಮನೆಗೆ 3 ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಟ್ಟಿತು. ಜಾಗದ ಕಾಗದವಿಲ್ಲದವರು ಅಲ್ಲೂ ಹಿಂದೆ ಬಿದ್ದರು.

ಮನಸ್ಸಿನ ಗಾಯದ ಬಗ್ಗೆ ಹೇಳುವಾಗ ಬೆಂಗಳೂರಿನ ನಿಮ್ಹಾನ್ಸ್ ಹೆಸರು ಮೊದಲು ಬರಬೇಕು. ಒಡಿಶಾದ ಚಂಡಮಾರುತದ ನಂತರ, ಆಮೇಲೆ ಗುಜರಾತಿನಲ್ಲಿ, ಊರಿನ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸುವ ಕ್ರಮವನ್ನು ಆ ಸಂಸ್ಥೆ ರೂಢಿಗೆ ತಂದಿತು. ಜಪಾನಿನ ಕೋಬೆಯಲ್ಲಿ 1995ರ ಭೂಕಂಪದ ನಂತರ ಮುದುಕರಿಗೆ ಚೀಟಿ ಎತ್ತಿ ತಾತ್ಕಾಲಿಕ ಮನೆ ಹಂಚಿದ್ದರು. ನೆರೆಹೊರೆ ತಪ್ಪಿ ಎಷ್ಟೋ ಜನ ಒಂಟಿಯಾಗಿ ಸತ್ತರು. ನೆರೆಹೊರೆಯ ನಂಟು ಗಟ್ಟಿಯಿದ್ದ ಕಡೆ ಚೇತರಿಕೆ ಬೇಗ ಎಂದು ಡೇನಿಯಲ್ ಆಲ್ಡ್ರಿಚ್ 2012ರಲ್ಲಿ ಬರೆದದ್ದು ಸರಿಯೇ. ಆದರೆ ಆ ನಂಟು ಜಾತಿಯ ಗೆರೆ ದಾಟದ ಊರುಗಳಲ್ಲಿ ಹೊರಗುಳಿಯುವವರು ಯಾರು ಎಂಬುದನ್ನು ಮರಾಠವಾಡದಲ್ಲಿ ಕೆಲಸ ಮಾಡಿದವರು ಬಲ್ಲರು.

ಕನ್ನಡದಲ್ಲಿ ಇದೆಲ್ಲ ಬಹುತೇಕ ಬಂದೇ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆಮತ್ತೆ ನಡುಗಿ, 4.1 ತೀವ್ರತೆಯ ಕಂಪನವೂ ಆದಾಗ ಜನ ಮನೆ ಬಿಟ್ಟು ಹೊರಟರು. ಸುದ್ದಿ ಕಂಪನದ ಅಂಕಿಗಳಿಗೇ ನಿಂತಿತು. ಬೀದರ್, ಕಲಬುರಗಿಯ ಹಳ್ಳಿಗಳಲ್ಲಿ ಕಲ್ಲು ಮಣ್ಣಿನ ಗೋಡೆಗಳು ಇನ್ನೂ ಇವೆ. ಅವುಗಳಲ್ಲಿ ಅಡ್ಡಗಲ್ಲು ಇದೆಯೇ, ಮಾಳಿಗೆಯ ಭಾರ ಎಷ್ಟು ಎಂದು ಊರೂರಿಗೆ ಹೋಗಿ ನೋಡುವುದು ಕಷ್ಟದ ಕೆಲಸವಲ್ಲ. ಅದನ್ನು ಮಾಡಿ ತೋರಿಸಿದ ಸಂವಾದ ಸಹಾಯಕಿಯರು, ಗೌಂಡಿಗಳು ಗಡಿಯಾಚೆಯ ಔಸಾ, ಉಮರ್ಗಾ ತಾಲ್ಲೂಕುಗಳಲ್ಲಿ ಇದ್ದಾರೆ, ಅವರಿಗೆ ವಯಸ್ಸಾಗುತ್ತಿದೆ. ಅವರನ್ನು ಚಿಂಚೋಳಿಗೆ ಕರೆಸಲು ಬೇಕಾದದ್ದು ಒಂದು ಜಿಲ್ಲಾ ಪಂಚಾಯಿತಿಯ ನಿರ್ಣಯ ಮತ್ತು ಮರಾಠಿ, ಕನ್ನಡ ಎರಡೂ ಬಲ್ಲ ಒಬ್ಬರು.