ಕರುಣಾಳು ಬೆಳಕಿಗೆ ಎಷ್ಟು ರಾಗ?

ಮೂರು ವರ್ಷದ ಹಿಂದೆ ನಮ್ಮ ಟೀಮಿನ ಹಿರಿಯ ಟೆಸ್ಟರ್ ಒಬ್ಬರ ತಾಯಿ ತೀರಿಕೊಂಡಾಗ ಮುಂಬೈ ಉಪನಗರದ ಒಂದು ಚರ್ಚಿಗೆ ಹೋಗಿದ್ದೆ. ಬಂದವರಿಗೆಲ್ಲ ಹಾಡಿನ ಹಾಳೆ ಕೊಟ್ಟಿದ್ದರು. ಆರ್ಗನ್ ಶುರುವಾಯಿತು, ಎಲ್ಲರೂ ಎದ್ದು ನಿಂತರು. ಹಾಳೆಯ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದವನು ಎರಡನೆಯ ಸಾಲಿಗೇ ತಡವರಿಸಿದೆ. ಇದು ನನಗೆ ಗೊತ್ತಿರುವ ಪದ್ಯ! ತುರುವೇಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ವರ್ಷಗಟ್ಟಲೆ, ಬೆಳಿಗ್ಗೆ ಬಿಸಿಲಿಗೆ ಸಾಲಾಗಿ ನಿಂತು ಹಾಡಿದ 'ಕರುಣಾಳು ಬಾ ಬೆಳಕೆ'. ಆದರೆ ಕಿವಿಗೆ ಬೀಳುತ್ತಿದ್ದ ರಾಗದಲ್ಲಿ ನನ್ನದು ಎನ್ನುವಂಥದ್ದು ಏನೂ ಇರಲಿಲ್ಲ.

ಅದು ಅನುವಾದ ಎಂದು ಪರೀಕ್ಷೆಗೆ ಓದಿ ಬರೆದವನೇ ನಾನು. ಆದರೂ ಅದಕ್ಕೊಂದು ಮೂಲವಿದೆ, ಅದನ್ನು ಜನ ಸಾವಿನ ಮನೆಯಲ್ಲಿ ಹಾಡುತ್ತಾರೆ ಎಂಬುದು ಮೈಗೆ ತಾಕಿದ್ದು ಅವತ್ತೇ. ಆಮೇಲೆ ಕೆಲವು ತಿಂಗಳು ಮುಲುಂದ್ ಲೋಕಲ್ಲಿನಲ್ಲಿ ಹೋಗುತ್ತ ಬರುತ್ತ ಇದನ್ನೇ ಓದಿದೆ.

ಮೂಲ ಬರೆದವರು ಜಾನ್ ಹೆನ್ರಿ ನ್ಯೂಮನ್. ಆಕ್ಸ್‌ಫರ್ಡಿನಲ್ಲಿ ಪಾದ್ರಿ, ಓರಿಯಲ್ ಕಾಲೇಜಿನ ಫೆಲೊ. 1832ರ ಡಿಸೆಂಬರಿನಲ್ಲಿ ಗೆಳೆಯ ಹರೆಲ್ ಫ್ರೂಡ್ ಮತ್ತು ಅವರ ತಂದೆಯೊಂದಿಗೆ ಮೆಡಿಟರೇನಿಯನ್ ಪ್ರವಾಸ ಹೊರಟರು. ರೋಮಿನಲ್ಲಿ ಅವರಿಂದ ಬೇರೆಯಾಗಿ, ಒಬ್ಬರೇ ಸಿಸಿಲಿ ದ್ವೀಪಕ್ಕೆ ಮತ್ತೆ ಹೋದರು. ಅಲ್ಲಿ ಜ್ವರ ಹಿಡಿಯಿತು. ಜೊತೆಗಿದ್ದವನು ನೇಪಲ್ಸಿನ ಆಳು ಜೆನ್ನಾರೊ ಒಬ್ಬನೇ. ಈಗ ಎನ್ನಾ ಎಂದು ಕರೆಯುವ ಬೆಟ್ಟದೂರಿನಲ್ಲಿ ವಾರಗಟ್ಟಲೆ ಸಾವು ಬದುಕಿನ ನಡುವೆ ಮಲಗಿದರು. ಚೇತರಿಸಿಕೊಂಡು ಹೊರಡುವ ಹೊತ್ತಿಗೆ ಹಾಸಿಗೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರಂತೆ. ಏಕೆಂದು ಆಳು ಕೇಳಿದರೆ, ಇಂಗ್ಲೆಂಡಿನಲ್ಲಿ ನನಗೊಂದು ಕೆಲಸವಿದೆ ಎಂದಷ್ಟೇ ಉತ್ತರ.

ಪಲೆರ್ಮೊ ಬಂದರಿನಲ್ಲಿ ಹಡಗಿಗಾಗಿ ಮೂರು ವಾರ ಕಾಯಬೇಕಾಯಿತು. ಕೊನೆಗೆ ಸಿಕ್ಕಿದ್ದು ಕಿತ್ತಳೆ ಹಣ್ಣು ಹೇರಿಕೊಂಡು ಮಾರ್ಸೇಗೆ ಹೊರಟಿದ್ದ ಹಾಯಿದೋಣಿ. ಅದೂ ಕಾರ್ಸಿಕಾ, ಸಾರ್ಡಿನಿಯಾಗಳ ನಡುವಿನ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಒಂದು ವಾರ ನಿಂತುಬಿಟ್ಟಿತು. ಊರಿಗೆ ಹೋಗಬೇಕು, ಹೋಗಲು ಆಗುತ್ತಿಲ್ಲ. ದೀಪಾವಳಿಗೆ ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಕೂತವರಿಗೆ ಈ ಸ್ಥಿತಿಯನ್ನು ವಿವರಿಸಬೇಕಿಲ್ಲ. 1833ರ ಜೂನ್ 16ರಂದು, ಆ ನಿಂತ ದೋಣಿಯಲ್ಲಿ, ಮೂವತ್ತೆರಡು ವಯಸ್ಸಿನ ನ್ಯೂಮನ್ ಮೂರು ನುಡಿಗಳ ಈ ಪದ್ಯ ಬರೆದರು. ದೂರದ ದಾರಿ ಕಾಣಬೇಕೆಂದಿಲ್ಲ, ಮುಂದಿನ ಹೆಜ್ಜೆಯಷ್ಟು ಕಂಡರೆ ಸಾಕು ಎನ್ನುವ ಭಾವ. (ಹದಿನೆಂಟು ತಿಂಗಳ ಪ್ರಾಜೆಕ್ಟ್ ಪ್ಲಾನ್ ಮಾಡಿ ಸಂಬಳ ಎಣಿಸುವ ನನಗೆ ಇದನ್ನು ಕ್ಲೈಂಟಿನ ಮುಂದೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.)

ಅವರು ಹಾಡಿಗೆಂದು ಬರೆದದ್ದಲ್ಲ. 1834ರಲ್ಲಿ ಒಂದು ಧಾರ್ಮಿಕ ಪತ್ರಿಕೆಯಲ್ಲಿ ಅಚ್ಚಾಯಿತು, ಅಷ್ಟೆ. ಇಂಗ್ಲೆಂಡಿಗೆ ಮರಳಿದ ಮೇಲೆ ನ್ಯೂಮನ್ 'ಆಕ್ಸ್‌ಫರ್ಡ್ ಚಳವಳಿ'ಯ ಮುಂದಾಳಾದರು. ಇಂಗ್ಲೆಂಡಿನ ಚರ್ಚು ತನ್ನ ಪ್ರಾಚೀನ ಪರಂಪರೆಯನ್ನೂ ಪೂಜಾವಿಧಿಗಳನ್ನೂ ಮರೆಯಬಾರದು ಎಂಬುದು ಅದರ ವಾದ. ಆ ದಾರಿ ಹಿಡಿದು ನಡೆಯುತ್ತ ಅವರು 1845ರಲ್ಲಿ ಕ್ಯಾಥೊಲಿಕ್ ಆದರು. ಗೆಳೆಯರು ಹೋದರು, ಆಕ್ಸ್‌ಫರ್ಡ್ ಹೋಯಿತು. ಪದ್ಯ ಮಾತ್ರ ಅವರು ಬಿಟ್ಟುಬಂದವರ ಬಳಿಯೇ ಉಳಿಯಿತು, ಅಲ್ಲಿಯೇ ರಾಗ ಸಿಕ್ಕಿತು.

ರಾಗ ಕೊಟ್ಟವರು ಜಾನ್ ಬ್ಯಾಕಸ್ ಡೈಕ್ಸ್. ಉತ್ತರ ಇಂಗ್ಲೆಂಡಿನ ಡರಮ್ ಪಟ್ಟಣದ ಸೇಂಟ್ ಆಸ್ವಾಲ್ಡ್ ಚರ್ಚಿನ ಪಾದ್ರಿ. ಸುಮಾರು ಮುನ್ನೂರು ಪ್ರಾರ್ಥನಾ ರಾಗಗಳನ್ನು ಕಟ್ಟಿದವರು. 1865ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಗದ್ದಲದಲ್ಲಿ ನಡೆಯುವಾಗ ಈ ರಾಗ ಹೊಳೆಯಿತೆಂದು ಹೇಳುತ್ತಾರೆ. ಹೆಸರು 'ಲಕ್ಸ್ ಬೆನಿಗ್ನಾ', ಲ್ಯಾಟಿನ್ನಿನಲ್ಲಿ ಕರುಣೆಯ ಬೆಳಕು. 1868ರಲ್ಲಿ ಆ ಕಾಲದ ಅತಿ ಜನಪ್ರಿಯ ಹಾಡುಪುಸ್ತಕದ ಅನುಬಂಧಕ್ಕೆ ಸೇರಿದ ಮೇಲೆ ಪದ್ಯ ಮನೆಮನೆಗೆ ಹೋಯಿತು. ಮುಪ್ಪಿನಲ್ಲಿ ನ್ಯೂಮನ್ ಅವರೇ, ಹೆಸರು ಬಂದದ್ದು ಪದ್ಯಕ್ಕಲ್ಲ, ಡೈಕ್ಸ್ ಕೊಟ್ಟ ರಾಗಕ್ಕೆ ಎಂದದ್ದುಂಟು.

ಡೈಕ್ಸ್ ಕತೆ ಓದಿದಾಗ ನನಗೆ ನ್ಯೂಮನ್ ಕತೆಗಿಂತ ಹೆಚ್ಚು ಸಂಕಟವಾಯಿತು. ನ್ಯೂಮನ್ ಹಚ್ಚಿ ಬಿಟ್ಟುಹೋದ ಚಳವಳಿಯನ್ನು ಚರ್ಚಿನ ಒಳಗೇ ಇದ್ದು ನಂಬಿದವರು ಅವರು. ಪ್ಯಾರಿಷ್ ದೊಡ್ಡದಾಗಿ ಒಬ್ಬರ ಕೈಲಿ ಆಗದೆ ಸಹಾಯಕ ಪಾದ್ರಿ ಬೇಕೆಂದರು. ಬಿಷಪ್ ಚಾರ್ಲ್ಸ್ ಬೇರಿಂಗ್ ಷರತ್ತು ಹಾಕಿದರು: ಬಣ್ಣದ ಮೇಲ್ವಸ್ತ್ರ, ಧೂಪ ಇವೆಲ್ಲ ಇಲ್ಲವೆಂದು ಮಾತು ಕೊಡಬೇಕು. ಡೈಕ್ಸ್ ಕೊಡಲಿಲ್ಲ. ವಿಷಯ ಕೋರ್ಟಿಗೆ ಹೋಯಿತು, 1874ರಲ್ಲಿ ಸೋತರು. ಒಬ್ಬರೇ ದುಡಿಯುತ್ತ ಆರೋಗ್ಯ ಕುಸಿದು 1876ರ ಜನವರಿಯಲ್ಲಿ, ಐವತ್ತೆರಡಕ್ಕೇ ತೀರಿಹೋದರು. ನ್ಯೂಮನ್ ಮೂರು ವರ್ಷಗಳ ನಂತರ ಕಾರ್ಡಿನಲ್ ಆದರು, 1890ರವರೆಗೆ ಬದುಕಿದರು, 2019ರಲ್ಲಿ ಸಂತರೆನಿಸಿದರು.

ರಾಗದಿಂದಲೇ ಹೆಸರು ಎಂಬ ಮಾತು ವಿನಯದ್ದಿರಬಹುದು. ಆದರೆ ಅದು ಪೂರ್ತಿ ನಿಜವಲ್ಲ ಎನ್ನುವುದಕ್ಕೆ ಪುರಾವೆ ಡರಮ್ ಸೀಮೆಯಲ್ಲೇ ಇದೆ. 1909ರ ಫೆಬ್ರವರಿ 16ರಂದು ಅಲ್ಲಿನ ವೆಸ್ಟ್ ಸ್ಟ್ಯಾನ್ಲಿ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 168 ಜನ ಸತ್ತರು. ವಿಷಗಾಳಿ ತಲುಪದ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಗುಂಪು ಕತ್ತಲಲ್ಲಿ ಕೂತಿತ್ತು. ಯಾರೋ ಒಬ್ಬರು ಈ ಹಾಡನ್ನು ಗುನುಗಿದರು, ಉಳಿದವರು ದನಿಗೂಡಿಸಿದರು. ಹಾಡು ಮುಗಿಯುವ ಮೊದಲೇ ಗಾಯಗೊಂಡಿದ್ದ ಒಬ್ಬ ಹುಡುಗ ಪ್ರಾಣ ಬಿಟ್ಟ. ಹದಿನಾಲ್ಕು ಗಂಟೆಗಳ ಮೇಲೆ 26 ಜನ ಜೀವಂತ ಹೊರಬಂದರು. ಅವರು ಹಾಡಿದ್ದು ಡೈಕ್ಸ್ ರಾಗದಲ್ಲಿರಲಿಕ್ಕಿಲ್ಲ. ಬಹುಶಃ ಚಾರ್ಲ್ಸ್ ಪರ್ಡೆ ಎಂಬವರ 'ಸ್ಯಾಂಡನ್' ರಾಗದಲ್ಲಿ. ಡೈಕ್ಸ್ ದುಡಿದು ಸವೆದ ಸೀಮೆಯಲ್ಲೇ ಗಣಿಯವರಿಗೆ ಒಗ್ಗಿದ್ದು ಇನ್ನೊಂದು ರಾಗ.

ನಮ್ಮ ಕಡೆಗೆ ಬಂದರೆ ಎರಡೂ ರಾಗಗಳು ಉದುರಿಹೋದವು. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ ಸಂಪಿಗೆ ನಮ್ಮ ತಾಲ್ಲೂಕಿನದೇ. ಇಂಗ್ಲಿಷ್ ಪ್ರೊಫೆಸರ್. ಕನ್ನಡ ಕವಿತೆಗೆ ಹೊಸ ಹೊರಳು ಕೊಡಲೆಂದು ಇಂಗ್ಲಿಷ್ ಪದ್ಯಗಳನ್ನು ತಂದು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿದವರು. ಮೂಲದಲ್ಲಿ ಹತ್ತು ಅಕ್ಷರದ ಸಾಲು, ನಾಲ್ಕು ಅಕ್ಷರದ ಸಾಲು ಹೀಗೆ ಉದ್ದ ಗಿಡ್ಡ ಕೂಡಿಕೊಂಡಿವೆ. ಶ್ರೀಯವರು ಆ ಉದ್ದ ಗಿಡ್ಡವನ್ನು ಉಳಿಸಿಕೊಂಡರು, ಆದರೆ ನಡೆಯನ್ನು ನಮ್ಮ ಐದು ಮಾತ್ರೆಯ ಗಣಕ್ಕೆ ತಿರುಗಿಸಿದರು. ಆದಿಪ್ರಾಸದ ಕಟ್ಟು ಸಡಿಲವಾಯಿತು. ಇಂಗ್ಲೆಂಡಿನ ಬಯಲು, ಜೌಗುಗಳ ಜಾಗದಲ್ಲಿ ಅಡವಿ, ಬೆಟ್ಟ, ಹೊಳೆ ಬಂದವು. ಕೊನೆಯಲ್ಲಿನ ದೇವದೂತರ ಮುಖಗಳು ಬರಿಯ ದಿವ್ಯ ಮುಖವಾದವು. ಮೂಲದಲ್ಲೂ ಕ್ರಿಸ್ತನ ಹೆಸರು ಇಲ್ಲವಾದ್ದರಿಂದ ಶ್ರೀಯವರು ಏನನ್ನೂ ಮುಚ್ಚಿಡಬೇಕಾಗಲಿಲ್ಲ. ಡೈಕ್ಸ್ ರಾಗಕ್ಕೆ ಇದನ್ನು ಕೂರಿಸಲು ಒಂದು ಭಾನುವಾರವೆಲ್ಲ ಒದ್ದಾಡಿದೆ. ನಾಲ್ಕು ಸ್ವರದ ಜಾಗಕ್ಕೆ ಕನ್ನಡದ ಗಿಡ್ಡ ಸಾಲೂ ಹಿಡಿಸುವುದಿಲ್ಲ. ಹೆಂಡತಿ ಬಾಗಿಲು ಹಾಕಿಕೊಂಡಳು.

ಗುಜರಾತಿಗೂ ಹೀಗೇ ಹೋಯಿತು. ಗಾಂಧೀಜಿಗೆ ಈ ಪದ್ಯ ಬಲು ಪ್ರಿಯ. ನರಸಿಂಹರಾವ್ ದಿವೇಟಿಯಾ ಮಾಡಿದ 'ಪ್ರೇಮಳ ಜ್ಯೋತಿ' ಆಶ್ರಮದ ಭಜನಾವಳಿಗೆ ಸೇರಿತು. ಮಗನ ಸಾವಿನ ಶೋಕಗೀತೆ ಬರೆದಿದ್ದ ಕವಿ ಅವರು. ನಮ್ಮ ಪಕ್ಕದ ಫ್ಲಾಟಿನ ಗುಜರಾತಿ ಅಜ್ಜಿಗೆ ಅದು ಬಾಯಿಪಾಠ. ಅವರನ್ನು ಬಿಲ್ಡಿಂಗಿನವರೆಲ್ಲ 'ಬಾ' ಅನ್ನುತ್ತೇವೆ. ನಾನು ಕನ್ನಡದ್ದನ್ನು ಹಾಡಿ ತೋರಿಸಿದರೆ, ನಡುವೆ ಬರುವ 'ಬಾ' ಕೇಳಿ, ನನ್ನ ಹೆಸರೇಕೆ ಬಂತು ಎಂದು ನಕ್ಕರು.

ಅಮ್ಮ ಅದೇ ಶಾಲೆಯಲ್ಲಿ ಟೀಚರ್ ಆಗಿದ್ದವರು, ನಮಗೆಲ್ಲ ಈ ಪದ್ಯ ಕಲಿಸಿದವರು. ಅವರಿಗೆ ಫೋನ್ ಮಾಡಿ ದೋಣಿ, ಡರಮ್, ಗಣಿ ಎಲ್ಲ ಹೇಳಿದೆ. ಗಣಿಯ ಹುಡುಗನ ವಿಷಯಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದೆ, "ನೀನು ನಮಗೆ ಕಲಿಸಿದ ರಾಗ ಯಾರದಮ್ಮ?"

"ಯಾರದು ಅಂದ್ರೆ? ನಾನೇ ಹಾಕಿದ್ದು ಕಣೋ. ಪುಸ್ತಕದಲ್ಲಿ ಪದ್ಯ ಇತ್ತು, ರಾಗ ಎಲ್ಲಿತ್ತು? ರೇಡಿಯೋದಲ್ಲಿ ಬರೋ ಯಾವುದೋ ದೇವರನಾಮದ ಧಾಟೀಲಿ ಶುರು ಮಾಡಿದೆ, ನಿಮ್ಮ ಗಂಟಲಿಗೆ ಎತ್ತರ ಆಯ್ತು ಅಂತ ಇಳಿಸಿದೆ. ಪಕ್ಕದೂರಿನ ಮೇಷ್ಟ್ರು ಬೇರೆ ಥರ ಹೇಳಿಸ್ತಿದ್ರು."